ಶ್ಯಾಡೋ ಕಾಮಿಕ್ಸ್ ಯಾವುದು ಕೊಳ್ಳಲಿ? ಓದಿದವರು ಅನುಭವ ಹೇಳಿ

ಹೊಸ ಓದುಗ
ನಮ್ಮ ಸೋದರಮಾವನಿಗೆ ಮುಂದಿನ ತಿಂಗಳು 70 ತುಂಬುತ್ತೆ. ಹಳೇ ಅಮೆರಿಕನ್ ರೇಡಿಯೋ ನಾಟಕ ಅಂದರೆ ಅವರಿಗೆ ಪ್ರಾಣ, ಅದರಲ್ಲೂ ಕತ್ತಲಲ್ಲಿ ಕೇಡಿಗಳ ಬೆನ್ನು ಹತ್ತುವ ನಿಗೂಢ ನಾಯಕ ‘ದಿ ಶ್ಯಾಡೋ’. ರಾತ್ರಿ ಮೊಬೈಲಿನಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಾರೆ. ಅವರಿಗೆ ಒಂದು ಶ್ಯಾಡೋ ಕಾಮಿಕ್ಸ್ ಕೊಡಬೇಕು ಅಂತಿದ್ದೇನೆ. ಒಂದೇ ಪುಸ್ತಕ ಸಾಕು. 4 ಸಾವಿರ ರೂಪಾಯಿ ತನಕ ಕೊಡಬಲ್ಲೆ. ಕಣ್ಣಿನ ಪೊರೆ ತೆಗೆಸಿದ್ದಾರೆ, ಹಾಗಾಗಿ ಅಕ್ಷರ ತೀರಾ ಸಣ್ಣದಿರಬಾರದು.

ಕಪ್ಪು ಕೋಟು, ನ್ಯೂಜೆರ್ಸಿ
ಬೇರೆ ಮಾತೇ ಬೇಡ. ಡಿಸಿ ಕಾಮಿಕ್ಸ್‌ನವರ 1973ರ ಸರಣಿ. ಹೆಚ್ಚಿನವು ಡೆನ್ನಿ ಓನೀಲ್ ಕಥೆ, ಮೈಕೆಲ್ ಕಲೂಟಾ ಚಿತ್ರ. ಒಟ್ಟು 12 ಸಂಚಿಕೆ. ನಾನು ಒಂದೇ ಕಟ್ಟಿನಲ್ಲಿ ಕೊಂಡೆ, 110 ಡಾಲರ್, ಅಂಚೆಗೆ 14. ಮಾರಿದವನು ಬರೀ ಮುಖಪುಟದ ಫೋಟೋ ಹಾಕಿದ್ದ. ಬಂದ ಮೇಲೆ ನೋಡಿದರೆ 3ನೇ ಸಂಚಿಕೆಯ ನಡುವಿನ ಹಾಳೆ ಪಿನ್ನಿನಿಂದ ಕಳಚಿ ಕೈಗೆ ಬಂತು. 6ರ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿತ್ತು. ನಾಲ್ಕು ಸಲ ಮೇಲ್ ಬರೆದೆ. ಎಂಟು ಡಾಲರ್ ವಾಪಸ್ ಕೊಟ್ಟ! ಆಮೇಲೆ 3ಕ್ಕೆ 22 ಡಾಲರ್, 6ಕ್ಕೆ 18 ಡಾಲರ್ ಕೊಟ್ಟು ಬೇರೆ ಪ್ರತಿ ತಂದೆ. ಮುಖಬೆಲೆ 20 ಸೆಂಟ್ ಇದ್ದ ಪುಸ್ತಕಗಳು ಇವು. ಆದರೂ ಒಂದು ದಿನವೂ ಬೇಜಾರಾಗಿಲ್ಲ. ಆ ಮಬ್ಬು ಬೀದಿ, ಹಳೇ ಕಾರು, ಗಾಳಿಗೆ ಹಾರುವ ಆ ಮೇಲಂಗಿ, ಟೋಪಿಯ ಅಂಚಿನ ಕೆಳಗೆ ಬರೀ ಮೂಗು. ಶ್ಯಾಡೋ ಅಂದರೆ ಅದೇ.

ಉಡುಪಿ ಓದುಗ
ಕಪ್ಪು ಕೋಟು ಅವರೇ, ಪೂರ್ತಿ ಹೇಳಿ ಮಾರಾಯ್ರೆ. ಕಲೂಟಾ ಚಿತ್ರ ಬರೆದದ್ದು 1ರಿಂದ 4, ಆಮೇಲೆ 6. ಐದೇ ಐದು. 5, 7, 8, 9 ಫ್ರಾಂಕ್ ರಾಬಿನ್ಸ್. ಕೊನೆಯ ಮೂರು ಇ. ಆರ್. ಕ್ರೂಜ್. ಇದೇ ರೀತಿ ‘ಕಲೂಟಾ ಸರಣಿ’ ಅಂದವರ ಮಾತು ನಂಬಿ ನಾನು ಸೆಟ್ ತರಿಸಿದೆ. ಪುಸ್ತಕಕ್ಕೆ 9,200, ಅಂಚೆಗೆ 3,100, ಕಸ್ಟಮ್ಸ್‌ಗೆ 1,840. ಒಟ್ಟು 14,140 ರೂಪಾಯಿ. ಬಿಚ್ಚಿದಾಗ 5ನೇ ಸಂಚಿಕೆ ಮೇಲಿತ್ತು. ಇದು ಯಾರ ಕೈ ಅಂತ ಕೂತುಬಿಟ್ಟೆ.

ನಮ್ಮೂರ ಮಳೆಗಾಲದ ಕಥೆ ಬೇರೆ. ಮೊದಲ ವರ್ಷ ಗೋಡೆಗೆ ಅಂಟಿದ ಕಪಾಟಿನಲ್ಲಿ ಇಟ್ಟೆ. ಆಗಸ್ಟಿಗೆ ಬೂಷ್ಟು. ಎರಡು ಸಂಚಿಕೆಗಳ ಬೆನ್ನು ಹೋಯಿತು. ಈಗ ಪ್ಲಾಸ್ಟಿಕ್ ಚೀಲ, ಒಳಗೆ ರಟ್ಟು, ಮೇಲೆ ಮುಚ್ಚಳದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್. ಪ್ರತಿ ಭಾನುವಾರ ಬಿಚ್ಚಿ ನೋಡುತ್ತೇನೆ.

ಕಪ್ಪು ಕೋಟು, ನ್ಯೂಜೆರ್ಸಿ
ಗೋಡೆಗೆ ಅಂಟಿಸಿ ಇಟ್ಟಿದ್ದು ನೀವು. ಅದು ಸರಣಿಯ ತಪ್ಪಾ?

ಧಾರವಾಡದಾಕಿ
ಇಬ್ಬರೂ ಬರೇ ಚಿತ್ರದ ಬಗ್ಗೆ ಜಗಳ ಆಡ್ತೀರಿ. ಕಥೆ ಬೇಕಂದ್ರ ಡಿಸಿಯದೇ 1987ರ ಸರಣಿ ಓದ್ರಿ. ಆಂಡಿ ಹೆಲ್ಫರ್ ಬರೆದದ್ದು. ಮೊದಲು ಬಿಲ್ ಸಿಯೆನ್ಕೆವಿಚ್ ಚಿತ್ರ, ಆಮೇಲೆ ಕೈಲ್ ಬೇಕರ್. ನಾನು ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಆರು ವರ್ಷ ಅಲೆದು 19 ಸಂಚಿಕೆಯಲ್ಲಿ 14 ಕೂಡಿಸಿದೆ. ಒಂದೊಂದು 80ರಿಂದ 250 ರೂಪಾಯಿ. ಉಳಿದ ಐದನ್ನು ಅಣ್ಣ ಡಲ್ಲಾಸಿನಿಂದ ಸೂಟ್‌ಕೇಸಿನಲ್ಲಿ ತಂದ. 19 ಮುಗಿಸಿದ ರಾತ್ರಿ ಅತ್ತೆ. ಶ್ಯಾಡೋ ಸತ್ತಾನ, ಅವನ ತಲೆಯನ್ನು ರೋಬೋಟಿನ ಮೈಗೆ ಕೂಡಿಸ್ಯಾರ, ಮುಂದೇನು ಅನ್ನುವಾಗ ಸರಣಿ ನಿಂತಿತು. 20ನೇ ಸಂಚಿಕೆ ಬರಲೇ ಇಲ್ಲ. ಇಷ್ಟು ಒಳ್ಳೆ ಕೆಲಸವನ್ನು ಹೀಗೆ ಅರ್ಧಕ್ಕೆ ಬಿಟ್ಟಿದ್ದು ನನಗೆ ಈಗಲೂ ಸಿಟ್ಟು.

ಹಳೇ ಪಲ್ಪ್ ಪ್ರೇಮಿ
ರೋಬೋಟ್ ಮೈ! ಅದನ್ನು ಒಳ್ಳೆ ಕೆಲಸ ಅನ್ನುತ್ತೀರಾ ಮೇಡಂ? ಕೆಡುಕು ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮೊದಲು. 1986ರಲ್ಲಿ ಹೊವರ್ಡ್ ಚೇಕಿನ್ ನಾಲ್ಕು ಸಂಚಿಕೆ ಮಾಡಿದ. ಶ್ಯಾಡೋನನ್ನು 80ರ ದಶಕದ ನ್ಯೂಯಾರ್ಕಿಗೆ ತಂದು ಕೈಗೆ ಉಜಿ ಗನ್ ಕೊಟ್ಟ. ವಯಸ್ಸಾದ ಹಳೇ ಸಹಾಯಕರನ್ನು ಒಬ್ಬೊಬ್ಬರಾಗಿ ಕೊಲ್ಲಿಸಿದ. ಕಾದಂಬರಿಕಾರ ವಾಲ್ಟರ್ ಗಿಬ್ಸನ್ 1931ರಿಂದ ‘ಮ್ಯಾಕ್ಸ್‌ವೆಲ್ ಗ್ರಾಂಟ್’ ಹೆಸರಲ್ಲಿ ಕೂತು ಬರೆದು ಬೆಳೆಸಿದ ಜನ ಅವರು. ಶ್ಯಾಡೋ ಹೆಸರಿನ ಪಲ್ಪ್ ಪತ್ರಿಕೆಯಲ್ಲಿ, ಅಂದರೆ ಅಗ್ಗದ ಕಾಗದದ ಕಥಾಪತ್ರಿಕೆಯಲ್ಲಿ, ಬಂದ 325 ಕಾದಂಬರಿಯಲ್ಲಿ 280ಕ್ಕೂ ಜಾಸ್ತಿ ಅವನೊಬ್ಬನದೇ. ಆ ನಾಲ್ಕು ಸಂಚಿಕೆಗೆ ನಾನು 2,600 ಕೊಟ್ಟಿದ್ದೆ. ಓದಿ ಮುಗಿಸಿದ ವಾರವೇ 900ಕ್ಕೆ ಮಾರಿದೆ. ಉಳಿದ 1,700 ಹೋದರೆ ಹೋಗಲಿ, ಮನೆಯಲ್ಲಿ ಇರುವುದು ಬೇಡವಾಗಿತ್ತು.

ಧಾರವಾಡದಾಕಿ
ನೀವು ಮಾರಿದ್ರಿ, ಸರಿ. ನಾನು ಅದನ್ನೇ ಮೂರು ಸಲ ಓದೀನಿ. 50 ವರ್ಷ ಅದೇ ಟೋಪಿ, ಅದೇ ನಗು ಇದ್ರ ಯಾರು ಓದ್ತಾರ?

ಹಳೇ ಪಲ್ಪ್ ಪ್ರೇಮಿ
ಬದಲಾವಣೆ ಬೇಕಿದ್ದವರು 1964ರಲ್ಲೂ ಇದ್ದರು. ಆರ್ಚಿ ಕಾಮಿಕ್ಸ್‌ನವರು ಶ್ಯಾಡೋನಿಗೆ ಹಸಿರು-ನೀಲಿ ಬಿಗಿ ಬಟ್ಟೆ ಹಾಕಿಸಿ ಸೂಪರ್‌ಹೀರೋ ಮಾಡಿದರು. ಎಂಟು ಸಂಚಿಕೆಗೆ ನಿಂತುಹೋಯಿತು.

ಕೇಳುಗ
ನೀವು ಪಲ್ಪ್ ಪಲ್ಪ್ ಅನ್ನುತ್ತೀರಿ. ಶ್ಯಾಡೋ ಹುಟ್ಟಿದ್ದೇ ರೇಡಿಯೋದಲ್ಲಿ, 1930ರಲ್ಲಿ. ಕಥೆ ಹೇಳುವ ದನಿಯಾಗಿ. ಆ ದನಿ ಕೇಳಿದವರು ಅಂಗಡಿಗೆ ಹೋಗಿ ‘ಶ್ಯಾಡೋ ಪತ್ರಿಕೆ ಕೊಡಿ’ ಅಂದ ಮೇಲೆ ಪತ್ರಿಕೆ ಬಂತು. ಶ್ಯಾಡೋನ ಗೆಳತಿ ಮಾರ್ಗೋ ಲೇನ್ ಕೂಡ ರೇಡಿಯೋ ಕೊಟ್ಟ ಪಾತ್ರ, 1937ರಲ್ಲಿ. ಪಲ್ಪ್‌ಗೆ ಆಮೇಲೆ ತೆಗೆದುಕೊಂಡರು.

ಹಳೇ ಪಲ್ಪ್ ಪ್ರೇಮಿ
ದನಿ ರೇಡಿಯೋದ್ದು, ಮನುಷ್ಯ ಗಿಬ್ಸನ್‌ನವನು. ರೇಡಿಯೋದಲ್ಲಿ ಅವನು ಜನರ ಮನಸ್ಸಿಗೆ ಮಂಕು ಕವಿಸಿ ಕಾಣದಂತಾಗುತ್ತಾನೆ. ಕಾದಂಬರಿಯಲ್ಲಿ ಬರೀ ಕತ್ತಲು, ಕಪ್ಪು ಬಟ್ಟೆ, ಎರಡು .45 ಪಿಸ್ತೂಲು. ರೇಡಿಯೋದಲ್ಲಿ ಲ್ಯಾಮಾಂಟ್ ಕ್ರಾನ್ಸ್‌ಟನ್ ಅನ್ನುವ ಶ್ರೀಮಂತನೇ ಶ್ಯಾಡೋ. ಕಾದಂಬರಿಯಲ್ಲಿ ಅವನು ವಿಮಾನ ಹಾರಿಸುವ ಕೆಂಟ್ ಅಲ್ಲಾರ್ಡ್, ಕ್ರಾನ್ಸ್‌ಟನ್ ಬೇರೆ ಮನುಷ್ಯ. ಕಾಣದವನ ಚಿತ್ರ ಬರೆಯುವುದು ಹೇಗೆ ಹೇಳಿ?

ಕೇಳುಗ
ಆ ಪತ್ರಿಕೆಯ ಪ್ರಕಾಶಕರಾದ ಸ್ಟ್ರೀಟ್ ಆಂಡ್ ಸ್ಮಿತ್‌ನವರು 1940ರಿಂದ 1949ರ ತನಕ 101 ಸಂಚಿಕೆ ಕಾಮಿಕ್ಸ್ ತಂದಿದ್ದಾರೆ. ಅದರಲ್ಲಿ ಕಾಣದ ಶ್ಯಾಡೋ ಇದ್ದಾನೆ. ನನ್ನ ಹತ್ತಿರ ಒಂದೇ ಒಂದಿದೆ, ಹಿಂಬದಿ ರಕ್ಷಾಪುಟ ಇಲ್ಲ. 85 ಡಾಲರ್ ಕೊಟ್ಟೆ. ಪುಟ ತಿರುವಿದರೆ ಅಂಚು ಪುಡಿ ಉದುರುತ್ತೆ, ಅದಕ್ಕೇ ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತೇನೆ.

ಹೊಸ ಓದುಗ
ಎಲ್ಲರಿಗೂ ಧನ್ಯವಾದ. ಸೆಟ್ ಬೇಡ, ಒಂದೇ ಪುಸ್ತಕ ಸಾಕು. ಅಕ್ಷರ ದೊಡ್ಡದಿರುವುದು ಯಾವುದು?

ಉಡುಪಿ ಓದುಗ
ನನಗೆ ಈಗ ಅನಿಸುವುದು ಇಷ್ಟೇ. ಆ 14,140ರ ಬದಲು ಮಾರ್ವೆಲ್‌ನವರು 1988ರಲ್ಲಿ ತಂದ ‘ಹಿಟ್ಲರ್ಸ್ ಆಸ್ಟ್ರಾಲಜರ್’ ಮೊದಲೇ ಕೊಳ್ಳಬೇಕಿತ್ತು. ಓನೀಲ್, ಕಲೂಟಾ ಇಬ್ಬರೂ ಮತ್ತೆ ಸೇರಿದ್ದಾರೆ, ಜೊತೆಗೆ ರಸ್ ಹೀತ್. ಗಟ್ಟಿ ರಟ್ಟು, ಮಾಮೂಲಿ ಕಾಮಿಕ್ಸಿಗಿಂತ ದೊಡ್ಡ ಪುಟ, ಒಂದೇ ಕಥೆ, ಅಲ್ಲೇ ಮುಗಿಯುತ್ತೆ. ನನಗೆ 2,900ಕ್ಕೆ ಸಿಕ್ಕಿತು, ಒಳಗೆ ಯಾರೋ ಪೆನ್ನಿನಲ್ಲಿ ಹೆಸರು ಬರೆದಿದ್ದರು ಅಷ್ಟೇ. ಕನ್ನಡಕ ಇಲ್ಲದೆ ಓದಿದೆ.

ಹೊಸ ಓದುಗ
ಇದೇ ಬೇಕಿತ್ತು. ಹುಡುಕುತ್ತೇನೆ.

ಕಪ್ಪು ಕೋಟು, ನ್ಯೂಜೆರ್ಸಿ
ತಗೊಳ್ಳಿ, ಆದರೆ ಪಿನ್ ಹೊಡೆದ ಆ 1973ರ ಮೊದಲ ಸಂಚಿಕೆ ಕೈಯಲ್ಲಿ ಹಿಡಿದ ಖುಷಿ ಅದರಲ್ಲಿ ಸಿಗಲ್ಲ. ಮತ್ತೆ ಮಾರುವವನಿಗೆ ಒಳಪುಟಗಳ ಫೋಟೋ ಕಳಿಸು ಅಂತ ಮೊದಲೇ ಹೇಳಿ. ನಡುವಿನ ಹಾಳೆಯದ್ದು ಕೂಡ.

ಉಡುಪಿ ಓದುಗ
ಅದು ರಟ್ಟಿನ ಪುಸ್ತಕ ಮಾರಾಯ್ರೆ. ಅದರಲ್ಲಿ ಪಿನ್ನೇ ಇಲ್ಲ.