ಬೋಟಿನ ಡ್ರೈವರ್ ಸೀಟು ಎಷ್ಟು ಎತ್ತರ ಇರಬೇಕು?

ಪ್ರಶ್ನೆ:
ನಮಸ್ಕಾರ ಅಣ್ಣಾ. ನಾನು ಶಿರಸಿಯವಳು, ಈಗ ಗೋವಾದ ಪರ್ವರಿಯಲ್ಲಿ ಮನೆ. ಹೋದ ವರ್ಷ ನಾನು, ನಮ್ಮ ಯಜಮಾನರು ಸೇರಿ ಒಂದು ಹಳೆಯ ಫೈಬರ್ ಬೋಟ್ ತೆಗೆದುಕೊಂಡೆವು. ಹದಿನಾರೂವರೆ ಅಡಿ, ಹಿಂದೆ 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವ ಬೋಟಿನ ಮಾದರಿ. ಮುಂದೆ ಅಗಲ ಡೆಕ್, ಬಲಗಡೆ ಸ್ಟೀರಿಂಗ್ ಇರುವ ಕನ್ಸೋಲ್, ಡ್ರೈವರ್ ಸೀಟು ನೆಲಕ್ಕೆ ಅಂಟಿದ ಹಾಗೆ. ಮಾಂಡವಿ ಹೊಳೆಯಲ್ಲಿ ಚೊಣಕ ಮೀನಿಗೆ ಗಾಳ ಹಾಕಲು ಹೋಗುತ್ತೇವೆ.

ಯಜಮಾನರು 5 ಅಡಿ 11 ಇಂಚು, ನಾನು 5 ಅಡಿ 2. ಹೋದ ತಿಂಗಳು ಚೋರಾವ್ ಹತ್ತಿರ ನಾನು ಓಡಿಸುತ್ತಿದ್ದೆ. ಆಕ್ಸಿಲೇಟರ್ ಕೊಟ್ಟ ಕೂಡಲೇ ಮೂತಿ ಮೇಲೆದ್ದಿತು. ಮುಂದೆ ತಿಸ್ರೆ ಚಿಪ್ಪು ತೆಗೆಯುವವರ ಸಣ್ಣ ಹೋಡಿ (ದೋಣಿ) ಇತ್ತು. ನನಗೆ ಕಾಣಲೇ ಇಲ್ಲ. ಯಜಮಾನರು ಕೂಗಿದ್ದಕ್ಕೆ ತಿರುಗಿಸಿದೆ. ಆವತ್ತಿನಿಂದ ಸ್ಟೀರಿಂಗ್ ಹಿಡಿಯಲು ಭಯ. ಈಗ ಸೋಫಾದ ಎರಡು ದಿಂಬು ಹಾಕಿ ಕೂರುತ್ತೇನೆ. ಬೆನ್ನು ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಸೀಟು ಎಷ್ಟು ಎತ್ತರಿಸಬೇಕು?

ಉತ್ತರ:
ಅಕ್ಕಾ, ನಾನು ಅಂಕೋಲೆಯವನು. ಬೆತಿಮ್‌ನಲ್ಲಿ ಬೋಟ್ ಫಿಟ್ಟಿಂಗ್ ಕೆಲಸ. ಮೊದಲು ಆ ದಿಂಬು ಇವತ್ತೇ ತೆಗೆಯಿರಿ. ಅಲೆ ಬಂದಾಗ ದಿಂಬು ಜಾರುತ್ತದೆ. ನೀವು ಆಧಾರಕ್ಕೆ ಹಿಡಿಯುವುದು ಸ್ಟೀರಿಂಗನ್ನೇ, ಬೋಟು ಅಲ್ಲೇ ತಿರುಗಿಬಿಡುತ್ತದೆ.

ಸೀಟು ಯಾಕೆ ಅಷ್ಟು ತಗ್ಗು ಅಂತ ಕೇಳುವಿರಿ. ಬಾಸ್ ಮೀನು ನಮ್ಮ ಹೊಳೆಯದಲ್ಲ, ಅಮೆರಿಕದ ಕೆರೆಗಳದ್ದು. ಅಲ್ಲಿಯ ದೊಡ್ಡ ಬಾಸ್ ಬೋಟುಗಳು ಗಂಟೆಗೆ 100 ಕಿಲೋಮೀಟರ್ ಮುಟ್ಟುತ್ತವೆ. ಆ ಓಟಕ್ಕೆ ಮೈ ತಗ್ಗಿನಲ್ಲಿ, ಸೀಟಿನೊಳಗೆ ಹುದುಗಿ ಇರಬೇಕು. ತಿರುವಿನಲ್ಲಿ ಹೊರಗೆ ಎಸೆಯಬಾರದು, ಗಾಳಿಯೂ ಹೊಡೆಯಬಾರದು. ನಮ್ಮ ಮಾಂಡವಿಯಲ್ಲಿ ಫೆರಿ ಬರುತ್ತದೆ, ಬಾರ್ಜ್ ಬರುತ್ತದೆ, ಬಲೆಯ ಗೂಟ ಇರುತ್ತದೆ, ದೀಪವಿಲ್ಲದ ಹೋಡಿ ಇರುತ್ತದೆ. ಇಲ್ಲಿ ಓಟಕ್ಕಿಂತ ನೋಟ ಮುಖ್ಯ. ಹಾಗಾಗಿ ಎತ್ತರಿಸಲೇಬೇಕು. ಆದರೆ ಅಳತೆ ಕಣ್ಣಿನಿಂದ ಶುರುವಾಗಬೇಕು, ಸೀಟಿನಿಂದ ಅಲ್ಲ.

ಬೋಟ್ ಜಟ್ಟಿಯಲ್ಲಿ ನಿಂತಿರುವಾಗ ನೀವೇ ಕುಳಿತುಕೊಳ್ಳಿ. ಕಣ್ಣಿನಿಂದ ಮೂತಿಯ ತುದಿಗೆ ಎಷ್ಟು ದೂರ, ಮೂತಿ ಕಣ್ಣಿಗಿಂತ ಎಷ್ಟು ಕೆಳಗೆ, ಅಳೆಯಿರಿ. 10 ಅಡಿ ದೂರ, 12 ಇಂಚು ಕೆಳಗೆ ಅಂದುಕೊಳ್ಳಿ. ಪ್ಲೇನ್ ಆಗುವ ಮೊದಲು, ಅಂದರೆ ವೇಗ ಬಂದು ಬೋಟು ನೀರಿನ ಮೇಲೆ ಜಾರಿ ಓಡುವ ಮೊದಲು, ಮೂತಿ 6 ಡಿಗ್ರಿ ಎದ್ದರೆ, 10 ಅಡಿಗೆ ಸುಮಾರು 12 ಇಂಚೇ ಆಯಿತು. ಅಂದರೆ ಮೂತಿ ನಿಮ್ಮ ಕಣ್ಣಿಗೆ ಸಮ. ಮುಂದಿನ ನೀರು ಪೂರ್ತಿ ಮರೆ. ಆವತ್ತು ನಿಮಗೆ ಆಗಿದ್ದು ಇದೇ. ತಪ್ಪು ನಿಮ್ಮದಲ್ಲ ಅಕ್ಕಾ, ಆ ಸೀಟಿನಲ್ಲಿ ನಿಮ್ಮೆತ್ತರದ ಯಾರು ಕೂತರೂ ಹೋಡಿ ಕಾಣುತ್ತಿರಲಿಲ್ಲ. ಸೀಟು 6 ಇಂಚು ಮೇಲೆ ಹೋದರೆ ಅದೇ 6 ಡಿಗ್ರಿಯಲ್ಲೂ ಸುಮಾರು 100 ಅಡಿಯಿಂದಾಚೆ ನೀರು ಕಾಣುತ್ತದೆ.

ಆದರೂ ಈಗಲೇ ಡ್ರಿಲ್ ತೆಗೆಯಬೇಡಿ. ಮೂತಿ ಏಳುವುದನ್ನೇ ಕಡಿಮೆ ಮಾಡಲು ಸಾಧ್ಯವಾ ನೋಡಿ. ಐಸ್ ಬಾಕ್ಸ್, ಲಂಗರು, ಇನ್ನೊಂದು ಬ್ಯಾಟರಿ ಹಿಂದೆ ಇದ್ದರೆ ಮುಂದಕ್ಕೆ ತನ್ನಿ. ಹೊರಡುವಾಗ ಎಂಜಿನ್ ಟ್ರಿಮ್, ಅಂದರೆ ಎಂಜಿನ್ನಿನ ಓರೆ, ಪೂರ್ತಿ ಬೋಟಿನ ಕಡೆಗೆ ಒಳಗೆ ಇರಲಿ. ಪ್ಲೇನ್ ಆದ ಮೇಲೆ ಸ್ವಲ್ಪ ಸ್ವಲ್ಪ ಹೊರಗೆ ಬಿಡಿ. ಫೋನಿನಲ್ಲಿ ಡಿಗ್ರಿ ತೋರಿಸುವ ಆಪ್ ಇರುತ್ತದಲ್ವಾ? ಫೋನನ್ನು ಡೆಕ್ ಮೇಲೆ ಟೇಪ್ ಹಾಕಿ ಅಂಟಿಸಿ. ಯಜಮಾನರು ಓಡಿಸಲಿ, ನೀವು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಅಣ್ಣಾ, ಭಾನುವಾರ ಅಳೆದೆವು. ನೀವು ಕಣ್ಣಳತೆಯಲ್ಲಿ ಹೇಳಿದ್ದೇ ಸರಿ, 10 ಅಡಿ, 12 ಇಂಚು! ಮೂತಿ ಮೊದಲು 8 ಡಿಗ್ರಿ ಏಳುತ್ತಿತ್ತು. ಐಸ್ ಬಾಕ್ಸ್, ಲಂಗರು ಮುಂದೆ ಇಟ್ಟು, ಟ್ರಿಮ್ ಒಳಗೆ ಮಾಡಿದರೆ 5 ಡಿಗ್ರಿ. ಟ್ರಿಮ್ ಬಟನ್ನನ್ನು ಇಷ್ಟು ದಿನ ನಾವು ಮುಟ್ಟಿಯೇ ಇರಲಿಲ್ಲ.

ಉತ್ತರ:
ನೋಡಿ, ಒಂದು ರೂಪಾಯಿ ಖರ್ಚಿಲ್ಲದೆ 3 ಡಿಗ್ರಿ ಇಳಿಯಿತು. ಹಾಗಾದರೆ ನಿಮಗೆ 6 ಇಂಚು ಬೇಡ, 4 ಸಾಕು. ಅಷ್ಟಕ್ಕೇ ಹೆಚ್ಚುಕಡಿಮೆ ಅದೇ 100 ಅಡಿಯ ನೋಟ ಸಿಗುತ್ತದೆ. ಎತ್ತರ ಸುಮ್ನೆ ಜಾಸ್ತಿ ಮಾಡಬಾರದು. ಬೋಟಿನ ಅಂಚು ಸೊಂಟಕ್ಕಿಂತ ಕೆಳಗೆ ಹೋದಷ್ಟೂ, ಅಡ್ಡ ಅಲೆ ಬಡಿದಾಗ ಮೈ ಹೊರಕ್ಕೆ ವಾಲುತ್ತದೆ. ಬೆನ್ನಾಸರೆಗೆ ಎರಡೂ ಬದಿ ಉಬ್ಬು ಇರುವ ಸೀಟು ಆರಿಸಿ. ಎಡಗೈಗೆ ಒಂದು ಹಿಡಿ ಹಾಕಿಸಿ.

ಇನ್ನು ಕಾಲು. ಜೋಮು ಬರುವುದು ಪಾದ ನೆಲಕ್ಕೆ ತಾಗದೆ, ಸೀಟಿನ ಅಂಚು ತೊಡೆಯ ಕೆಳಗೆ ಒತ್ತುವುದರಿಂದ. ಬೆನ್ನು ನೋವಿಗೂ ಅದೇ ಒಂದು ಕಾರಣ. ಪಾದ ಊರಿದ್ದರೆ ಬೋಟ್ ಕುಕ್ಕಿದಾಗ ಸ್ವಲ್ಪ ಪೆಟ್ಟನ್ನು ಕಾಲು ತಡೆಯುತ್ತದೆ. ಕಾಲು ತೂಗುತ್ತಿದ್ದರೆ ಎಲ್ಲಾ ಪೆಟ್ಟೂ ಬೆನ್ನುಮೂಳೆಗೆ. ಸೀಟು 4 ಇಂಚು ಎದ್ದರೆ ಪಾದದಡಿಗೂ 4 ಇಂಚಿನ ಮೆಟ್ಟಿಲು ಬೇಕು. ಮೇಲೆ ಜಾರದ ಶೀಟ್ ಅಂಟಿಸಿ. ಯಜಮಾನರಿಗೆ ಅದು ಅಡ್ಡಿಯಾಗುತ್ತದೆ, ಹಾಗಾಗಿ ಕನ್ಸೋಲಿಗೆ ಕೀಲು ಹಾಕಿ ಮಡಚುವ ಹಾಗೆ ಮಾಡಿಸಿ. ಸೀಟಿನ ಕೆಳಗೆ ಹಿಂದೆ ಮುಂದೆ ಸರಿಯುವ ಸ್ಲೈಡ್ ಇರಲಿ. ಸ್ಟೀರಿಂಗ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಥ್ರಾಟಲ್ (ವೇಗದ ಲಿವರ್) ಮುಟ್ಟಲು ಮುಂದೆ ಬಾಗುವ ಹಾಗಿರಬಾರದು. ಗಾಜಿನ ಮೇಲಿನ ಅಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದಾ ಅಂತಲೂ ನೋಡಿ. ಬಂದರೆ ಸೀಟನ್ನು ಸ್ವಲ್ಪ ಮೇಲೋ ಕೆಳಗೋ ಮಾಡಿ, ಇಲ್ಲದಿದ್ದರೆ ದಿನವಿಡೀ ಕತ್ತು ಎತ್ತಿ ಇಳಿಸುವುದೇ ಆಗುತ್ತದೆ.

ಇನ್ನೊಬ್ಬ ಸದಸ್ಯರು (ವಾಸ್ಕೋ):
ಮೆತ್ತನೆ ಫೋಮ್ ಹಾಕಿಸಿದರೆ ಬೆನ್ನಿಗೆ ಒಳ್ಳೆಯದಲ್ವಾ? ಸ್ಪ್ರಿಂಗ್ ಇರುವ ಸಸ್ಪೆನ್ಶನ್ ಸೀಟು ಹೇಗೆ?

ಉತ್ತರ:
ಮೆತ್ತನೆಯದು ಅಂಗಡಿಯಲ್ಲಿ ಕೂತು ನೋಡುವಾಗ ಹಿತ. ನೀರಿನಲ್ಲಿ ಒಂದೇ ಕುಕ್ಕಿಗೆ ಅದು ಪೂರ್ತಿ ತಗ್ಗಿ, ನೀವು ಹಲಗೆಗೇ ಬಡಿಯುತ್ತೀರಿ. ಕೆಳಗೆ 1 ಇಂಚು ಗಟ್ಟಿ ಇವಿಎ ಫೋಮ್ ಶೀಟ್ ಹಾಕಿ, ಅದು ನೀರು ಹೀರುವುದಿಲ್ಲ. ಮೇಲೆ 2 ಇಂಚು 40 ಡೆನ್ಸಿಟಿ ಫೋಮ್. ಹಲಗೆಗೆ ಸಾದಾ ಪ್ಲೈವುಡ್ ಬೇಡ, ಎಚ್‌ಡಿಪಿಇ ಪ್ಲಾಸ್ಟಿಕ್ ಅಥವಾ ಫೈಬರ್ ಇರಲಿ. ತಳದಲ್ಲಿ ನೀರಿಳಿಯಲು ತೂತು ಬಿಡಿ. ಕಾರಿನ ಸೀಟಿನ ರೆಕ್ಸಿನ್ ಹಾಕಬೇಡಿ, ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತದೆ. ಮರೀನ್ ರೆಕ್ಸಿನ್ ಅಂತಲೇ ಕೇಳಿ. ಹೊಲಿಗೆಗೆ ಹತ್ತಿ ನೂಲು ಬೇಡ, ಬಿಸಿಲು ತಡೆಯುವ ಪಾಲಿಯೆಸ್ಟರ್ ನೂಲು.

ಸಸ್ಪೆನ್ಶನ್ ಸೀಟು ಕಡಲಿಗೆ ಹೋಗುವವರಿಗೆ ಸರಿ. ಅದನ್ನು ಕೂರುವವರ ತೂಕಕ್ಕೆ ಹೊಂದಿಸಬೇಕು, ಉಪ್ಪುನೀರಿನಲ್ಲಿ ಆರೈಕೆಯೂ ಜಾಸ್ತಿ. ಹೊಳೆಯಲ್ಲಿ ಓಡಿಸುವವರು ಅಲೆ ಕಂಡಾಗ ಥ್ರಾಟಲ್ ಇಳಿಸಿದರೆ ಸಾಕು. ಒಂದು ಮಾತು, ಮುಂದಿನ ಡೆಕ್ಕಿನ ಕಂಬದ ಸೀಟು ಬೋಟ್ ನಿಂತಾಗ ಗಾಳ ಎಸೆಯಲು ಮಾತ್ರ. ಓಟದಲ್ಲಿ ಅಲ್ಲಿ ಯಾರನ್ನೂ ಕೂರಿಸಬೇಡಿ.

ಪ್ರಶ್ನೆ ಕೇಳಿದವರು:
ಅಣ್ಣಾ, ಈಗಿರುವ ಸೀಟಿನ ಕೆಳಗೆ 4 ಇಂಚಿನ ಮರದ ಪೆಟ್ಟಿಗೆ ಇಟ್ಟು ಉದ್ದ ಸ್ಕ್ರೂ ಹೊಡೆಯುತ್ತೇನೆ ಅಂತ ನಮ್ಮ ಬಡಗಿ ಹೇಳುತ್ತಾರೆ. ಸಾಕಾ?

ಉತ್ತರ:
ಸಾಕಾಗುವುದಿಲ್ಲ ಅಕ್ಕಾ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಬ್ಬರಿಗೆ ಹೀಗೆ ಮಾಡಿಕೊಟ್ಟಿದ್ದೆ. ಫೆರಿಯ ಅಲೆ ದಾಟುವಾಗ ಸ್ಕ್ರೂ ಸಮೇತ ಸೀಟು ಕಿತ್ತು ಬಂತು. ಅವರಿಗೆ ಭುಜ ಮುರಿಯಿತು. ಆ ಸ್ಕ್ರೂ ರಂಧ್ರಗಳಿಗೆ ನೀರು ಇಳಿದು ಫೈಬರ್ ನೆಲದೊಳಗಿನ ಪ್ಲೈವುಡ್ ಕೊಳೆತಿತ್ತು. ಮೇಲಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಇವತ್ತಿನವರೆಗೆ ಸೀಟಿಗೆ ಸ್ಕ್ರೂ ಹೊಡೆದಿಲ್ಲ.

ಸೀಟು ಎತ್ತರವಾದಷ್ಟೂ ಬುಡವನ್ನು ಮೀಟುವ ಬಲ ಜಾಸ್ತಿ. 8 ಎಂಎಂ ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟ್ ನೆಲದ ಆಚೆಗೂ ಹೋಗಬೇಕು, ಕೆಳಗೆ ಅಗಲ ಪ್ಲೇಟ್ ಇಟ್ಟು ನಟ್ ಬಿಗಿಯಬೇಕು. ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಇಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಪ್ಲೈವುಡ್ಡಿಗೆ ನೀರು ತಾಗುವುದಿಲ್ಲ. ಇದೆಲ್ಲಕ್ಕಿಂತ ಮೊದಲು ನೆಲದ ಇನ್ಸ್‌ಪೆಕ್ಷನ್ ಮುಚ್ಚಳ ತೆಗೆದು, ಟಾರ್ಚ್ ಹಾಕಿ, ಸೀಟಿನ ಕೆಳಗೆ ಏನಿದೆ ನೋಡಿ ಹೇಳಿ.

ಹಾಗೇ ಎಂಜಿನ್ ಬಂದ್ ಮಾಡುವ ಕೆಂಪು ಕಿಲ್ ಸ್ವಿಚ್ ಬಳ್ಳಿ ಹೊಸ ಎತ್ತರಕ್ಕೂ ಸಾಲುತ್ತದಾ ನೋಡಿ. ಅದನ್ನು ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಯೇ ಓಡಿಸಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲ್‌ನಿಂದ ಇದು ಕಾನೂನೇ ಆಗಿದೆ. ನೀರಿಗೆ ಬಿದ್ದವರ ಮೇಲೆ ಅವರದೇ ಬೋಟ್ ತಿರುಗಿ ಬಂದು ಪ್ರೊಪೆಲ್ಲರ್ ತಾಗುವುದುಂಟು.

ಪ್ರಶ್ನೆ ಕೇಳಿದವರು:
ಮುಚ್ಚಳ ತೆಗೆದೆ ಅಣ್ಣಾ. ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆ. ಮಧ್ಯೆ ಎರಡು ಬೆರಳು ಜಾಗವೂ ಇಲ್ಲ.

ಉತ್ತರ:
ಹಾಗಾದರೆ ಅಲ್ಲಿ ಡ್ರಿಲ್ ಇಡಲೇಬೇಡಿ, ಬಡಗಿಗೂ ಇವತ್ತೇ ಹೇಳಿ. ಫೈಬರಿನಲ್ಲೇ 4 ಇಂಚಿನ ಪೆಟ್ಟಿಗೆ ಕಟ್ಟಿಸೋಣ. ಅದರ ಅಂಚು ಟ್ಯಾಂಕಿನ ಎರಡೂ ಬದಿ ದಾಟಿ, ನೆಲದಡಿಯ ಉದ್ದ ತೊಲೆಗಳ ಮೇಲೆ ಕೂರಲಿ. ಬೋಲ್ಟ್ ಅಲ್ಲಿ ಬರುತ್ತದೆ. ತೊಲೆಯಿಂದ ತೊಲೆಗೆ ಎಷ್ಟು ಇಂಚು ಅಂತ ಅಳೆದು, ಫೋಟೋ ಸಮೇತ ಹಾಕಿ.