ಮಗಳ ಶಾಲೆ ಪ್ರಾಜೆಕ್ಟಿಗೆ ಟ್ಯಾಮಿ ಬಾಲ್ಡ್‌ವಿನ್: ಅವಳ ಕೈಲಿ ಹೇಗೆ ಮಾತಾಡಿಸಲಿ?

(ಅಮೆರಿಕದ ಬೇರೆ ಬೇರೆ ಊರಿನ ಕನ್ನಡಿಗರ ಮಾತುಕತೆ; ಹೆಸರಿನ ಜಾಗದಲ್ಲಿ ಅವರವರ ಊರು.)

ಮ್ಯಾಡಿಸನ್: ಎಂಟನೇ ಕ್ಲಾಸಿನ ಮಗಳು ನಮ್ಮ ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಟ್ಯಾಮಿ ಬಾಲ್ಡ್‌ವಿನ್ ಬಗ್ಗೆ ಐದು ನಿಮಿಷ ಮಾತಾಡಬೇಕು. ಅವರು ಲೆಸ್ಬಿಯನ್ ಅಂತ ಎಲ್ಲರಿಗೂ ಗೊತ್ತು. ಊರಿಂದ ಬಂದಿರೋ ಅತ್ತೆ-ಮಾವನ ಎದುರೇ ಪ್ರಾಕ್ಟೀಸ್ ನಡೆಯುತ್ತೆ. ಎಲ್ಲಿಂದ ಶುರು ಮಾಡಿಸಲಿ?

ಶಿಕಾಗೊ: ಆಸ್ಪತ್ರೆಯಿಂದ. ಹುಟ್ಟಿದ್ದು 1962ರಲ್ಲಿ, ನಿಮ್ಮೂರಲ್ಲೇ. ಸಾಕಿದ್ದು ತಾಯಿಯ ಅಪ್ಪ-ಅಮ್ಮ. ಒಂಬತ್ತನೇ ವಯಸ್ಸಲ್ಲಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಮೊಮ್ಮಗಳಾದ್ದರಿಂದ ಅಜ್ಜ-ಅಜ್ಜಿಯ ಇನ್ಶೂರೆನ್ಸ್ ಸಿಗಲಿಲ್ಲ. ಇಷ್ಟು ಕೇಳಿದರೆ ನಿಮ್ಮತ್ತೆ ಮುಂದಿನದನ್ನೂ ಕೇಳ್ತಾರೆ. ಆಮೇಲೆ ಗೆದ್ದ ಚುನಾವಣೆಗಳು: 1986 ಡೇನ್ ಕೌಂಟಿ (ಜಿಲ್ಲೆ) ಬೋರ್ಡ್, 1992 ರಾಜ್ಯ ಅಸೆಂಬ್ಲಿ, 1998 ಕಾಂಗ್ರೆಸ್ಸಿನ ಕೆಳಮನೆ, 2012 ಮೇಲ್ಮನೆ ಸೆನೆಟ್. ಇದಕ್ಕೆ ಒಂದೇ ಸ್ಲೈಡ್ ಸಾಕು.

ಎಡಿಸನ್: ವಿಷಯಾನೇ ಬದಲಾಯಿಸಿ! ವಿಶ್ವೇಶ್ವರಯ್ಯ ಇಲ್ವಾ? ಮನೇಲಿ ಕನ್ನಡ ಮಾತಾಡಿದ್ರೆ ಈ ಪ್ರಶ್ನೆನೇ ಬರ್ತಿರಲಿಲ್ಲ.

ಸಿಯಾಟಲ್: ಸಾರ್, ಅಮೆರಿಕದ ಸೆನೆಟರ್ ಬಗ್ಗೆ ಬರೆಯೋಕೆ ಹೇಳಿರೋದು. ವಿಶ್ವೇಶ್ವರಯ್ಯ ಯಾವ ರಾಜ್ಯದ ಸೆನೆಟರ್?

ಡಲ್ಲಾಸ್: ಮಾರ್ಕ್ಸ್ ಹೋಗೋ ಜಾಗ ಎರಡಿವೆ. ಒಂದು, ‘ಅಮೆರಿಕದಲ್ಲಿ ಗೆದ್ದ ಮೊದಲ ಲೆಸ್ಬಿಯನ್’ ಅಂತ ಬರೆಯೋದು. ತಪ್ಪು. 1974ರಲ್ಲೇ ಕ್ಯಾಥಿ ಕೊಝಚೆಂಕೊ ಆ್ಯನ್ ಆರ್ಬರ್ ನಗರಸಭೆಗೂ ಎಲೇನ್ ನೋಬಲ್ ಮ್ಯಾಸಚೂಸೆಟ್ಸ್ ಶಾಸನಸಭೆಗೂ ಗೆದ್ದಿದ್ದರು. ಬಾಲ್ಡ್‌ವಿನ್ ಸೆನೆಟ್ಟಿಗೆ ಗೆದ್ದ ಮೊದಲ ಬಹಿರಂಗ ಸಲಿಂಗಿ. ಎರಡು, 2022ರ ಮದುವೆ ಕಾನೂನು ಸಲಿಂಗ ವಿವಾಹಕ್ಕೆ ದೇಶವಿಡೀ ಅನುಮತಿ ಕೊಟ್ಟಿತು ಅನ್ನೋದು. ಅದು 2015ರ ಸುಪ್ರೀಂ ಕೋರ್ಟ್ ತೀರ್ಪು. 2022ರ ಕಾನೂನು ಹೇಳೋದು ಇಷ್ಟೇ: ಒಂದು ರಾಜ್ಯದಲ್ಲಿ ಆದ ಮದುವೆಯನ್ನ ಇನ್ನೊಂದು ರಾಜ್ಯವೂ ಕೇಂದ್ರವೂ ಮಾನ್ಯ ಮಾಡಬೇಕು. ಬೇರೆ ಬೇರೆ ಜನಾಂಗದವರ ಮದುವೆಗೂ ಅದೇ ರಕ್ಷಣೆ, ಅಂದ್ರೆ ನಮ್ಮ ಎಷ್ಟೋ ಮನೆ ಸೊಸೆ-ಅಳಿಯಂದಿರಿಗೂ.

ಅದನ್ನ ಬಾಲ್ಡ್‌ವಿನ್ ಮುಂದೆ ನಿಂತು ಪಾಸ್ ಮಾಡಿಸಿದ ಬಗೆಯೇ ಭಾಷಣದ ತಿರುಳು. ಚರ್ಚೆ ಮುಗಿಸಿ ಮತಕ್ಕೆ ಹಾಕೋಕೆ ಸೆನೆಟ್ಟಲ್ಲಿ 100ರಲ್ಲಿ 60 ಮತ ಬೇಕು, ಆಗ ಡೆಮಾಕ್ರಾಟರ ಕಡೆ ಇದ್ದದ್ದು 50. ಧಾರ್ಮಿಕ ಸಂಸ್ಥೆಗಳಿಗೆ ರಕ್ಷಣೆ ಕೊಡೋ ತಿದ್ದುಪಡಿ ಸೇರಿಸಿದರು, ಮತದಾನವನ್ನ ನವೆಂಬರ್ ಚುನಾವಣೆ ಆಚೆ ತಳ್ಳಿದರು. 12 ರಿಪಬ್ಲಿಕನ್ನರು ಈ ಕಡೆ ಬಂದರು. ಕೊನೆಯ ಮತದಾನದಲ್ಲಿ 61–36; ಒಬ್ಬ ಡೆಮಾಕ್ರಾಟ್ ಸೇರಿ ಮೂವರು ಮತ ಹಾಕಲಿಲ್ಲ. ಆ ಲೆಕ್ಕ ಬೋರ್ಡ್ ಮೇಲೆ ಬರೆಸಿ.

ಎಡಿಸನ್: ನಮ್ಮ ಸಂಸ್ಕೃತಿ ಅಂತ ಒಂದಿದೆ. ಅಷ್ಟೇ ಹೇಳ್ತೀನಿ.

ಸಿಯಾಟಲ್: ಅದನ್ನೇ ಎರಡನೇ ಸಲ ಹೇಳ್ತಿದೀರಿ.

ಮಿನಿಯಾಪೊಲಿಸ್: ಜಗಳ ಬಿಡಿ. ಮಕ್ಕಳು 26 ವರ್ಷದವರೆಗೆ ಅಪ್ಪ-ಅಮ್ಮನ ಇನ್ಶೂರೆನ್ಸಲ್ಲಿ ಇರಬಹುದು ಅನ್ನೋ ನಿಯಮಕ್ಕೆ ದುಡಿದವರು ಇವರೇ. ಮಗಳಿಗೆ ಮದುವೆಯಾದರೂ ಕವರ್ ಇರುತ್ತೆ, ಅಳಿಯನಿಗೆ ಇಲ್ಲ. ಮುಗಿಯೋದು ಹುಟ್ಟುಹಬ್ಬದ ದಿನವೋ ತಿಂಗಳ ಕೊನೆಗೋ ಅನ್ನೋದನ್ನ ನಿಮ್ಮ ಎಚ್‌ಆರ್‌ನ ಕೇಳಿ. ಮಾರ್ಕೆಟ್‌ಪ್ಲೇಸ್ (ಸರ್ಕಾರದ ಇನ್ಶೂರೆನ್ಸ್ ತಾಣ) ಪ್ಲಾನ್ ತಗೊಳ್ಳೋಕೆ ಕವರ್ ಮುಗಿಯೋಕೆ 60 ದಿನ ಮುಂಚಿನಿಂದ, ಮುಗಿದ ಮೇಲೆ 60 ದಿನದವರೆಗೆ ಅವಕಾಶ.

ಆಸ್ಟಿನ್: ಹಾಗಾದ್ರೆ ಮಕ್ಕಳ ಎಚ್-4 (ಎಚ್-1ಬಿ ನೌಕರರ ಕುಟುಂಬದ ವೀಸಾ) ಕೂಡ 26ರವರೆಗೆ ಇರುತ್ತಾ?

ಮಿನಿಯಾಪೊಲಿಸ್: ಇಲ್ಲ, 21ಕ್ಕೆ ಮುಗೀತು. ವೀಸಾ ಬೇರೆ, ಇನ್ಶೂರೆನ್ಸ್ ಬೇರೆ. ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಯಿಸೋ ಅರ್ಜಿ 21 ತುಂಬೋ ಮೊದಲೇ ಹಾಕಿ.