ಮಗ್ಗದ ಸದ್ದಿಗೆ ಮಂದವಾದ ಕಿವಿಗೆ ಮಾತ್ರೆ ಇದೆಯಾ?

ಪ್ರಶ್ನೆ (ದೊಡ್ಡಬಳ್ಳಾಪುರದಿಂದ):
ನಮಸ್ಕಾರ ಮೇಡಂ. ನಮ್ಮಪ್ಪ 26 ವರ್ಷದಿಂದ ಪವರ್‌ಲೂಮ್ ಓಡಿಸುತ್ತಿದ್ದಾರೆ. ಎದುರು ಕೂತರೆ ಮಾತು ಕೇಳುತ್ತದೆ. ಅಡುಗೆಮನೆಯಿಂದ ಅಮ್ಮ ಏನಾದರೂ ಕೇಳಿದರೆ ‘ಯಾರು ಬಂದ್ರು?’ ಅನ್ನುತ್ತಾರೆ. ರಾತ್ರಿ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಿರುತ್ತಂತೆ. ಮೆಡಿಕಲ್ ಶಾಪ್‌ನಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್’ ಅಂತ ಹೇಳಿ ಆರು ತಿಂಗಳಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟಿದ್ದಾರೆ. ಕೊಡಬಹುದಾ?

ಉತ್ತರ (ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ):
ಅಂಗಡಿಯವರು ಹೇಳಿದ ಕಾರಣ ಸುಳ್ಳಲ್ಲ. ಮಾತ್ರೆ ಬಗ್ಗೆ ಮಾತ್ರ ನನ್ನ ತಕರಾರು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರೊಳಗೆ ಸದ್ದು ಹಿಡಿಯುವ ಸುಮಾರು 15,000 ಕೂದಲು ಕೋಶಗಳು. ಸದ್ದು ಜೋರಾದಷ್ಟೂ ಇವು ಬಿಡುವಿಲ್ಲದೆ ದುಡಿಯುತ್ತವೆ. ಆಗ ಫ್ರೀ ರ‍್ಯಾಡಿಕಲ್‌ಗಳು ಅನ್ನುವ ಹಾನಿಕಾರಕ ಅಣುಗಳು ಜಾಸ್ತಿ ಹುಟ್ಟಿ ಕೋಶವನ್ನೇ ಕೆಡಿಸುತ್ತವೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಸದ್ದು ನಿಂತ ತಕ್ಷಣ ಇದು ನಿಲ್ಲುವುದಿಲ್ಲ. ಗಿನಿಯಿಲಿಗಳಲ್ಲಿ ವಾರ ಕಳೆದ ಮೇಲೂ ಇದು ನಡೆಯುತ್ತಿದ್ದದ್ದು ಕಂಡಿದೆ. ಕಾಕ್ಲಿಯಾದ ಬುಡದಲ್ಲಿರುವ, ಕೀಚಲು ಸದ್ದು ಹಿಡಿಯುವ ಕೋಶಗಳಿಗೆ ಇದನ್ನು ತಡೆಯುವ ಗ್ಲುಟಾಥಿಯೋನ್ ಅನ್ನುವ ದೇಹದ್ದೇ ಆಂಟಿಆಕ್ಸಿಡೆಂಟ್ ಮೊದಲೇ ಕಡಿಮೆ. ಹಾಗಾಗಿ ಅವೇ ಮೊದಲು ಹೋಗುತ್ತವೆ. ‘ಸ’, ‘ಶ’ ಥರದ ಅಕ್ಷರ ತಪ್ಪಿ, ಮಾತು ಕೇಳಿಸಿದರೂ ಅರ್ಥ ಆಗುವುದಿಲ್ಲ.

ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. (ಕೋಳಿಗೆ ಹುಟ್ಟುತ್ತದೆ, ನಮಗಿಲ್ಲ!) ಪ್ರಾಣಿಗಳಲ್ಲಿ ಸದ್ದಿಗೆ ಮುಂಚೆ ಅಥವಾ ಆದ ಕೂಡಲೇ ಕೊಟ್ಟಾಗ ಆಂಟಿಆಕ್ಸಿಡೆಂಟ್ ಕೆಲಸ ಮಾಡಿದ್ದುಂಟು. ಮನುಷ್ಯರಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ. 26 ವರ್ಷದ ಹಾನಿಗೆ ಈಗ ಮಾತ್ರೆ ನುಂಗಿದರೆ ದುಡ್ಡು ಸುಮ್ನೆ ಹೋಗುತ್ತೆ. ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಕಿವಿ ತೋರಿಸಿ, ಗುಗ್ಗೆ ಇದ್ದರೆ ತೆಗೆಸಿ. ಆಮೇಲೆ ಆಡಿಯೋಗ್ರಾಂ (ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಗೆರೆಯಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿ. ಸದ್ದಿನಿಂದ ಕೆಟ್ಟ ಕಿವಿಯಲ್ಲಿ ಹೆಚ್ಚಾಗಿ 4,000 ಹರ್ಟ್ಸ್ ಹತ್ತಿರ ಗೆರೆ ಗುಂಡಿ ಬಿದ್ದ ಹಾಗೆ ಇಳಿದಿರುತ್ತದೆ. ಅಗತ್ಯ ಇದ್ದರೆ ಹಿಯರಿಂಗ್ ಏಡ್ ಹಾಕಿಸೋಣ.

ಪ್ರಶ್ನೆ (ಮಂಡ್ಯದಿಂದ):
ಹಾಗಾದರೆ ಆಂಟಿಆಕ್ಸಿಡೆಂಟ್ ಎಲ್ಲೂ ಉಪಯೋಗ ಇಲ್ವಾ? ಅಕ್ಕನ ಮಗುವಿಗೆ ಲಿವರ್ ಗೆಡ್ಡೆಗೆ ಅಂತ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಕೊಡುತ್ತಿದ್ದಾರೆ, ಕಿವಿಗೆ ತೊಂದರೆ ಆಗಬಹುದು ಅಂದರು.

ಉತ್ತರ:
ಒಳ್ಳೇ ಪ್ರಶ್ನೆ. ಸಿಸ್‌ಪ್ಲಾಟಿನ್ ಕಿವಿ ಕೆಡಿಸುವುದೂ ಬಹುಮಟ್ಟಿಗೆ ಇದೇ ದಾರಿಯಲ್ಲಿ. ಅದನ್ನು ತಗ್ಗಿಸಲು, ಆಂಟಿಆಕ್ಸಿಡೆಂಟ್ ಆಗಿಯೂ ಕೆಲಸ ಮಾಡುವ ಸೋಡಿಯಂ ಥಯೋಸಲ್ಫೇಟ್ ಅನ್ನುವ ಔಷಧಕ್ಕೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ದೇಹದ ಬೇರೆ ಕಡೆ ಹರಡದ ಗೆಡ್ಡೆ ಇರುವ ಮಕ್ಕಳಿಗೆ. ಲಿವರ್ ಗೆಡ್ಡೆಯ ಮಕ್ಕಳ ಪ್ರಯೋಗದಲ್ಲಿ ಕಿವಿ ಹಾನಿ 63% ಇದ್ದದ್ದು 33%ಕ್ಕೆ ಇಳಿಯಿತು. ಸಿಸ್‌ಪ್ಲಾಟಿನ್ ಮುಗಿದು 6 ಗಂಟೆ ಆದ ಮೇಲೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಬೇಗ ಕೊಟ್ಟರೆ ಕ್ಯಾನ್ಸರ್ ಔಷಧದ ಬಲವನ್ನೇ ತಗ್ಗಿಸೀತು ಅನ್ನುವ ಭಯ. ಇದು ನಿಮ್ಮ ಮಗುವಿಗೆ ಸರಿಯಾ ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಅಂಗಡಿ ಮಾತ್ರೆ ಮಾತ್ರ ಬೇಡವೇ ಬೇಡ. ಚಿಕಿತ್ಸೆ ನಡೆಯುವಷ್ಟೂ ದಿನ ಕಿವಿ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ (ದೊಡ್ಡಬಳ್ಳಾಪುರದಿಂದ):
ಮಾತ್ರೆ ವಾಪಸ್ ಕೊಟ್ಟೆ ಮೇಡಂ. ಅಪ್ಪ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಇಯರ್‌ಮಫ್ ಹಾಕಿದರೆ ನೂಲು ಹರಿದದ್ದು ಸದ್ದಲ್ಲೇ ಗೊತ್ತಾಗಲ್ಲ ಅಂತ ಹಟ.

ಉತ್ತರ:
ಆ ಮಾತಲ್ಲಿ ಹುರುಳಿದೆ, ನೇಕಾರರು ಕಿವಿಯಿಂದಲೇ ಮಗ್ಗ ನೋಡುತ್ತಾರೆ. ಆದರೆ ಹತ್ತಿ ತಡೆಯುವುದು ತೀರಾ ಕಮ್ಮಿ. ದಿನಕ್ಕೆ ಎಷ್ಟು ಹೊತ್ತು ಆ ಸದ್ದಲ್ಲಿರಬಹುದು ಅನ್ನುವ ಲೆಕ್ಕ ಹೀಗಿದೆ: 85 ಡೆಸಿಬೆಲ್‌ನಲ್ಲಿ 8 ಗಂಟೆ, 88ರಲ್ಲಿ 4, 91ರಲ್ಲಿ 2. ಮಗ್ಗದ ಶೆಡ್ 90 ದಾಟುವುದು ಮಾಮೂಲು. ಮಫ್ ಬೇಡ ಅಂದರೆ ಫೋಮ್ ಪ್ಲಗ್ ಕೊಡಿಸಿ. ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಮಗ್ಗದ ಸದ್ದು ಪೂರ್ತಿ ನಿಲ್ಲುವುದಿಲ್ಲ, ತಗ್ಗುತ್ತದೆ ಅಷ್ಟೆ. ಒಂದು ವಾರ ಹಾಕಿ ನೋಡಲಿ, ನೂಲು ಹರಿದದ್ದು ಆ ತಗ್ಗಿದ ಸದ್ದಲ್ಲೂ ಗೊತ್ತಾಗುವಷ್ಟು ರೂಢಿ ಆಗಬಹುದು.